ಕಂಬರ್ಲ್ಯಾಂಡ್ ಗ್ಯಾಪ್: ಎರಡು ದಿನದಲ್ಲಿ ಏನೇನು ನೋಡಬಹುದು, ಯಾವ ಕಡೆಯಿಂದ ಹತ್ತಬೇಕು?

ಹೊಸದಾರಿ (ಪ್ರಶ್ನೆ)

ಕೆಂಟಕಿ, ಟೆನೆಸ್ಸೀ, ವರ್ಜೀನಿಯಾ ಮೂರೂ ಕೂಡುವ ಕಡೆ ಇರುವ ಕಂಬರ್ಲ್ಯಾಂಡ್ ಗ್ಯಾಪ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನಕ್ಕೆ ಅಕ್ಟೋಬರಿನಲ್ಲಿ ಎರಡು ದಿನಕ್ಕೆ ಹೋಗಬೇಕೆಂದಿದ್ದೇವೆ. ಒಟ್ಟು ನಾಲ್ಕು ಜನ. ಇಬ್ಬರು ಹಿರಿಯರು, ಸಮತಟ್ಟು ದಾರಿಯಲ್ಲಿ ಚೆನ್ನಾಗಿ ನಡೆಯುತ್ತಾರೆ, ಆದರೆ ಮೆಟ್ಟಿಲು ಕಷ್ಟ. ಇನ್ನಿಬ್ಬರಿಗೆ ದಿನವಿಡೀ ನಡೆದರೂ ಸುಸ್ತಿಲ್ಲ.

ಜಾಲದಲ್ಲಿ ಸಿಗುವ ಚಿತ್ರಗಳೆಲ್ಲ ಬೆಟ್ಟದ ಮೇಲಿನ ನೋಟದ ಜಾಗವಾದ ಪಿನಾಕಲ್ ಓವರ್‌ಲುಕ್‌ನಿಂದ ತೆಗೆದವು. ನಮಗೆ ನಿಜವಾಗಿ ನೋಡಬೇಕಾಗಿರುವುದು ಗ್ಯಾಪ್ ಅನ್ನೇ, ಅಂದರೆ ಪಶ್ಚಿಮಕ್ಕೆ ಹೊರಟ ವಲಸೆಗಾರರು ಬೆಟ್ಟಸಾಲನ್ನು ದಾಟಿದ ಆ ಕಣಿವೆದಾರಿಯನ್ನು. ಅಲ್ಲಿ ನಡೆಯಬಹುದೇ? ಮೊದಲು ಅದರ ಮೇಲೆ ಹೆದ್ದಾರಿ ಇತ್ತು, ಆಮೇಲೆ ಕಿತ್ತು ಹಾಕಿದರು ಎಂದು ಓದಿದೆ. ಅದು ನಿಜವೇ? ನಿಜವಾದರೆ ಈಗ ಅಲ್ಲಿ ಕಾಣುವುದು ಏನು? ಅಲ್ಲಿಯ ಗುಹೆ ಮತ್ತು ಬೆಟ್ಟದ ಮೇಲಿನ ಹಳೆಯ ಹೆನ್ಸ್ಲಿ ವಸತಿ ಎರಡನ್ನೂ ಎರಡು ದಿನದಲ್ಲಿ ಸೇರಿಸಲು ಆಗುತ್ತದೆಯೇ? ಬಾಡಿಗೆಗೆ ನೋಡುತ್ತಿರುವ ಕ್ಯಾಂಪರ್ ವಾಹನ 24 ಅಡಿ ಉದ್ದ. ಬಲ್ಲವರು ದಯವಿಟ್ಟು ತಿಳಿಸಿ.

ಘಟ್ಟದಹಾದಿ

ವಾಹನದ ವಿಷಯ ಮೊದಲು ಹೇಳಿಬಿಡುತ್ತೇನೆ, ಬುಕಿಂಗ್‌ಗೆ ಮುಂಚೆ ನಿಮಗೆ ಗೊತ್ತಿರಬೇಕು. ಪಿನಾಕಲ್‌ಗೆ ಹೋಗುವ 4 ಮೈಲಿ ರಸ್ತೆಯಲ್ಲಿ 20 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ. ತಿರುವುಗಳು ಅಷ್ಟು ಬಿಗಿ. ಉದ್ದ ವಾಹನ ತಿರುಗುವಾಗ ಎದುರಿನ ಪಥಕ್ಕೆ ಹೋಗದೆ ದಾರಿಯೇ ಇಲ್ಲ. 24 ಅಡಿಯದನ್ನು ತೆಗೆದುಕೊಂಡರೆ ಹಿರಿಯರಿಗೆ ಎಲ್ಲಕ್ಕಿಂತ ಸುಲಭವಾದ ಜಾಗವೇ ತಪ್ಪಿಹೋಗುತ್ತದೆ. ಸಾಧಾರಣ ಕಾರು ತೆಗೆದುಕೊಳ್ಳಿ.

ಇನ್ನು ಹೆದ್ದಾರಿ. ಹೌದು, ಕಿತ್ತು ಹಾಕಿದ್ದು ನಿಜ. ಆ ಉದ್ಯಾನದಲ್ಲಿ ನೋಡಲೇಬೇಕಾದ ಕೆಲಸ ಎಂದರೆ ಅದೇ, ಪಿನಾಕಲ್ ಅಲ್ಲ. ಯು.ಎಸ್. 25ಇ ಹೆದ್ದಾರಿ 1996ರ ವರೆಗೆ ಗ್ಯಾಪ್‌ನ ನೆತ್ತಿಯ ಮೇಲೇ ಹಾಯುತ್ತಿತ್ತು. ಕಡಿದಾದ ಏರು, ಸಾಲು ತಿರುವು, ಲಾರಿಗಳ ಸಂತೆ. ಅಪಘಾತ ಎಷ್ಟು ಹೆಚ್ಚಿತ್ತೆಂದರೆ ಸ್ಥಳೀಯರು ಆ ತುಂಡನ್ನು ಮ್ಯಾಸಕರ್ ಮೌಂಟನ್ ಎಂದೇ ಕರೆಯುತ್ತಿದ್ದರು. 1996ರ ಅಕ್ಟೋಬರಿನಲ್ಲಿ ಬೆಟ್ಟದ ಹೊಟ್ಟೆಯಲ್ಲಿ ಜೋಡಿ ಸುರಂಗ ತೆರೆದ ಮೇಲೆ ಮೇಲಿನ ರಸ್ತೆಗೆ ಕೆಲಸ ಉಳಿಯಲಿಲ್ಲ. ಡಾಂಬರು ಎತ್ತಿ, ರಸ್ತೆಗಾಗಿ ಕತ್ತರಿಸಿದ್ದ ಕಡೆ ಮಣ್ಣು ತುಂಬಿ, ಉಬ್ಬಿದ್ದ ಕಡೆ ತೆಗೆದು, 1780ರಿಂದ 1810ರ ಅವಧಿಯಲ್ಲಿ ನೆಲ ಹೇಗಿತ್ತೋ ಆ ಇಳಿಜಾರಿಗೆ ತಂದರು. ಅಲ್ಲಿಯದೇ ಗಿಡಮರ ಹಾಕಿದರು. ಈ ಕೆಲಸಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು.

ಹಾಗಾಗಿ ಅಲ್ಲಿ ನಿಂತಾಗ ಕಾಣುವುದು ಮರ, ಮಣ್ಣಿನ ಅಗಲ ಹಾದಿ, ಎರಡೂ ಬದಿ ಏರುವ ಬೆಟ್ಟ, ಅಷ್ಟೇ. ಏನೂ ಇಲ್ಲವೆಂದು ಹತ್ತು ನಿಮಿಷದಲ್ಲಿ ಹೊರಟುಬಿಡುವವರು ಬಹಳ. ಗಮನಿಸಬೇಕಾಗಿರುವುದು ನೆಲದ ಆಕಾರವನ್ನೇ. ನೆತ್ತಿಯ ಎತ್ತರ ಸುಮಾರು 1,600 ಅಡಿ. ಅಲ್ಲೇ ಮೇಲಿರುವ ಪಿನಾಕಲ್ 2,440 ಅಡಿ. ಅಂದರೆ ಇಲ್ಲಿ ದಾಟುವವನಿಗೆ ಉಳಿತಾಯವಾದ ಏರು 800 ಅಡಿಗೂ ಹೆಚ್ಚು. ಬೆನ್ನ ಮೇಲೆ ಹೊರೆ, ಕೈಯಲ್ಲಿ ಕುದುರೆಯ ಹಗ್ಗ, ಜೊತೆಗೆ ಮಕ್ಕಳು ಇರುವ ಕುಟುಂಬಕ್ಕೆ ಅದು ದಾಟಬಹುದೋ ಇಲ್ಲವೋ ಎನ್ನುವಷ್ಟು ದೊಡ್ಡ ವ್ಯತ್ಯಾಸ.

ಹತ್ತುವುದು ದಕ್ಷಿಣದಿಂದಲೇ ಆಗಬೇಕು. ಟೆನೆಸ್ಸೀ ಕಡೆ ಕಂಬರ್ಲ್ಯಾಂಡ್ ಗ್ಯಾಪ್ ಎಂಬ ಹೆಸರಿನದೇ ಸಣ್ಣ ಊರಿದೆ. ಅಲ್ಲಿ ಹಳೆಯ ಕಬ್ಬಿಣದ ಕುಲುಮೆಯ ಪಕ್ಕ ಕಾರು ನಿಲ್ಲಿಸಿ. ಅಲ್ಲಿಂದ ನೆತ್ತಿಗೆ ಸುಮಾರು 0.6 ಮೈಲಿ, ನಿಧಾನವಾಗಿ ಹತ್ತಿದರೆ ಅರ್ಧ ಗಂಟೆ. ವರ್ಜೀನಿಯಾ ಬದಿಯ ಡೇನಿಯಲ್ ಬೂನ್ ಪಾರ್ಕಿಂಗ್ ಕಡೆಯಿಂದ ಬರುವ ವೈಲ್ಡರ್ನೆಸ್ ರೋಡ್ ಹಾದಿಯೂ ಅದೇ ನೆತ್ತಿಗೆ ಬಂದು ಸೇರುತ್ತದೆ. ವಲಸೆಗಾರರು ಪೊವೆಲ್ ಕಣಿವೆಯಲ್ಲಿ ದಿನಗಟ್ಟಲೆ ಬಲಕ್ಕೆ ಬೆಟ್ಟದ ಗೋಡೆಯನ್ನೇ ನೋಡುತ್ತ ಬಂದು ಇಲ್ಲಿ ತಿರುಗುತ್ತಿದ್ದರು. ಉತ್ತರದ ಕೆಂಟಕಿ ಕಡೆಯಿಂದ ಹತ್ತಿದರೆ ಆ ಗೋಡೆ ಕಣ್ಣಿಗೇ ಬೀಳುವುದಿಲ್ಲ, ಗ್ಯಾಪ್ ಯಾಕೆ ಮುಖ್ಯವಾಯಿತು ಎನ್ನುವುದೂ ತಲೆಗೆ ಹೋಗುವುದಿಲ್ಲ.

ನೆತ್ತಿ ದಾಟಿ ಉತ್ತರಕ್ಕೆ ಇಳಿಯುವಾಗ ಆಬ್ಜೆಕ್ಟ್ ಲೆಸನ್ ರೋಡ್ ಎಂಬ ತುಂಡು ಸಿಗುತ್ತದೆ. ಒಳ್ಳೆಯ ರಸ್ತೆ ಹೇಗಿರಬೇಕೆಂದು ಜನರಿಗೆ ತೋರಿಸಲು ಕೇಂದ್ರ ಸರ್ಕಾರದ ರಸ್ತೆ ಇಲಾಖೆಯವರು 1908ರ ಹೊತ್ತಿಗೆ ಮಾಡಿಸಿದ ಮೆಕ್ಯಾಡಮ್ ರಸ್ತೆ ಅದು: ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಸಂದಿಗೆ ಕಲ್ಲುಪುಡಿ, ರೋಲರ್ ಹಾಯಿಸಿ ಗಟ್ಟಿ ಮಾಡಿದ್ದು. ಇಳಿಜಾರು ಹಿತವಾಗಿದೆ. ಹಿರಿಯರು ಕೆಂಟಕಿ ಬದಿಯ ಪಾರ್ಕಿಂಗ್‌ನಿಂದ ಈ ಹಾದಿಯಲ್ಲಿ ನೆತ್ತಿಗೆ ಬಂದರೆ ಮೆಟ್ಟಿಲ ಗೋಜಿಲ್ಲ. ನೀವಿಬ್ಬರು ದಕ್ಷಿಣದಿಂದ ಹತ್ತಿ, ನೆತ್ತಿಯಲ್ಲಿ ಅವರನ್ನು ಕೂಡಿಕೊಳ್ಳಬಹುದು.

ಕಲ್ಲುಪದರ

ಘಟ್ಟದಹಾದಿಯವರು ನೆಲದ ಆಕಾರ ಎಂದರು. ಆ ಆಕಾರ ಯಾಕೆ ಬಂತೆಂದು ತಿಳಿದರೆ ನಡಿಗೆಗೆ ಅರ್ಥ ಬರುತ್ತದೆ.

ಕಂಬರ್ಲ್ಯಾಂಡ್ ಬೆಟ್ಟಸಾಲಿನ ತಲೆಯಲ್ಲಿ ಗಟ್ಟಿ ಮರಳುಗಲ್ಲು, ಬುಡದಲ್ಲಿ ಸುಣ್ಣದ ಕಲ್ಲು. ಮರಳುಗಲ್ಲಿನ ಟೊಪ್ಪಿ ಸವೆಯದ ಕಾರಣ ಸಾಲು ಉದ್ದಕ್ಕೂ ಗೋಡೆಯಾಗಿಯೇ ಉಳಿಯಿತು. ಗ್ಯಾಪ್ ಇರುವಲ್ಲಿ ಮಾತ್ರ ರಾಕಿ ಫೇಸ್ ಎಂಬ ಸ್ತರಭಂಗ (ನೆಲದಾಳದ ಕಲ್ಲುಪದರಗಳು ಮುರಿದು ಸರಿದ ಬಿರುಕು) ಬೆಟ್ಟವನ್ನು ಅಡ್ಡಲಾಗಿ ಸೀಳಿದೆ. ಆ ಸೀಳಿನ ಗುಂಟ ಕಲ್ಲು ನುಗ್ಗುನುರಿಯಾಗಿತ್ತು, ಹಿಂದೆ ಒಂದು ತೊರೆ ಅಲ್ಲಿ ಹರಿದು ಕೊರೆಯಿತು. ಕಾಲಾಂತರದಲ್ಲಿ ತೊರೆ ಬೇರೆ ದಿಕ್ಕಿಗೆ ಹೊರಳಿತು. ಉಳಿದದ್ದು ನೀರಿಲ್ಲದ ಒಣ ತಗ್ಗು. ನೆತ್ತಿಯಲ್ಲಿ ಹೊಳೆ ಇಲ್ಲದಿರುವುದೂ ದಾಟುವವರಿಗೆ ಅನುಕೂಲವೇ ಆಯಿತು.

ಆದರೆ ಗ್ಯಾಪ್ ಒಂದರಿಂದಲೇ ಕೆಲಸ ಆಗುತ್ತಿರಲಿಲ್ಲ. ಅದನ್ನು ದಾಟಿ ಉತ್ತರಕ್ಕೆ ಇಳಿದರೆ ಮತ್ತೆ ಬೆಟ್ಟಗಾಡೇ ಸಿಗಬೇಕಿತ್ತು. ಸಿಗುವುದು ಮಿಡಲ್ಸ್‌ಬೊರೊ ಊರಿರುವ ಸಮತಟ್ಟು ಬೋಗುಣಿ, ಸುಮಾರು 3 ಮೈಲಿ ಅಗಲ. ಅದು ಉಲ್ಕೆ ಬಿದ್ದು ಆದ ಕುಳಿ. ಆಘಾತಕ್ಕೆ ಒಳಗಾದ ಕ್ವಾರ್ಟ್ಜ್ ಮತ್ತು ಶಂಕುವಿನಾಕಾರದಲ್ಲಿ ಬಿರಿದ ಕಲ್ಲುಗಳು ಸಿಕ್ಕ ಮೇಲೆ ಅದು ಖಚಿತವಾಯಿತು. ಬೋಗುಣಿಯ ಆಚೆ ಪೈನ್ ಮೌಂಟನ್ ಎಂಬ ಇನ್ನೊಂದು ಗೋಡೆ ಇದೆ; ಅದನ್ನು ಪೈನ್‌ವಿಲ್ ಬಳಿ ಕಂಬರ್ಲ್ಯಾಂಡ್ ನದಿಯೇ ಕೊರೆದು ಬಾಗಿಲು ಮಾಡಿದೆ. ತಗ್ಗು, ಬೋಗುಣಿ, ನದಿಯ ಬಾಗಿಲು ಈ ಮೂರೂ ಒಂದೇ ದಾರಿಗೆ ಸಾಲಾಗಿ ಬಿದ್ದಿರುವುದರಿಂದಲೇ ಕಾಡುಪ್ರಾಣಿಗಳು ಇಲ್ಲಿ ದಾರಿ ಮಾಡಿಕೊಂಡವು, ಮೂಲನಿವಾಸಿಗಳಾದ ಶಾನೀ ಮತ್ತು ಚೆರೊಕೀ ಜನರ ವಾರಿಯರ್ಸ್ ಪಾತ್ ಎಂಬ ಕಾಲುದಾರಿ ಇಲ್ಲೇ ಹಾಯಿತು. 1750ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಅನ್ವೇಷಕ ಡಾ. ಥಾಮಸ್ ವಾಕರ್ ಬಂದದ್ದೂ, 1775ರಲ್ಲಿ ಡೇನಿಯಲ್ ಬೂನ್ ಸುಮಾರು 30 ಕೊಡಲಿಯಾಳುಗಳೊಂದಿಗೆ ಮರ ಕಡಿದು ಹಾದಿ ಬಿಡಿಸಿದ್ದೂ ಆ ಹಳೆಯ ದಾರಿಗೆ ಹೊಂದಿಕೊಂಡೇ. ಬೂನ್ ಗ್ಯಾಪ್ ಕಂಡುಹಿಡಿದ ಎನ್ನುವ ಮಾತು ಇನ್ನೂ ಓಡಾಡುತ್ತದೆ, ಅದು ತಪ್ಪು. 1796ರ ವರೆಗೆ ಈ ಹಾದಿಯಲ್ಲಿ ಬಂಡಿ ಓಡಿಸಲು ಆಗುತ್ತಿರಲಿಲ್ಲ, ಕಾಲ್ನಡಿಗೆ ಇಲ್ಲವೇ ಹೇರುಕುದುರೆ. ಆದರೂ 1810ರ ಹೊತ್ತಿಗೆ ಎರಡರಿಂದ ಮೂರು ಲಕ್ಷ ಜನ ದಾಟಿದ್ದರು ಎಂಬ ಅಂದಾಜಿದೆ.

ಪಿನಾಕಲ್‌ನಲ್ಲಿ ನಿಂತಾಗ ದಕ್ಷಿಣದ ಕಣಿವೆಯ ಚಿತ್ರ ತೆಗೆದು ತೃಪ್ತಿಪಡಬೇಡಿ. ವಾಯವ್ಯಕ್ಕೆ ತಿರುಗಿ ಮಿಡಲ್ಸ್‌ಬೊರೊ ಬೋಗುಣಿಯನ್ನು ನೋಡಿ. ಮೇಲಿಂದ ನೋಡಿದರೇ ಆ ಸಮತಟ್ಟು ಎಷ್ಟು ಅಸಹಜ ಎನ್ನುವುದು ಗೊತ್ತಾಗುವುದು.

ಸುರಂಗದ ಬಗ್ಗೆಯೂ ಒಂದು ಮಾತು. ನೀವು ಹೇಗಿದ್ದರೂ ಅದರಲ್ಲಿ ಓಡಾಡುತ್ತೀರಿ. ಉದ್ದ ಸುಮಾರು 4,600 ಅಡಿ, ಎರಡು ಕೊಳವೆ, ಒಂದೊಂದರಲ್ಲಿ ಎರಡು ಪಥ. ತೋಡುವಾಗ ಸುಣ್ಣದ ಕಲ್ಲಿನಲ್ಲಿ ಗುಹೆಗಳು, ನೀರಿನ ಸೆಲೆಗಳು ಎದುರಾದವು. ಗೋಡೆಗೆ ಜಲನಿರೋಧಕ ಪ್ಲಾಸ್ಟಿಕ್ ಹಾಳೆ ಹೊದಿಸಬೇಕಾಯಿತು. ನಿಜವಾದ ತೊಂದರೆ ಆಮೇಲೆ ಶುರುವಾದದ್ದು. ತೆರೆದು ಕೆಲವೇ ವರ್ಷಕ್ಕೆ ರಸ್ತೆಯ ಕಾಂಕ್ರೀಟು ಅಲ್ಲಲ್ಲಿ ಕುಸಿಯಿತು. ಕಾರಣ ಅದರ ಕೆಳಗೆ ಹಾಸಿದ್ದ ಸುಣ್ಣದ ಕಲ್ಲಿನ ಜಲ್ಲಿ. ಬೆಟ್ಟದಿಂದ ಜಿನುಗುವ ನೀರಿನಲ್ಲಿ ಸುಣ್ಣದ ಅಂಶ ಕಡಿಮೆ ಇದ್ದರೆ ಅದು ಸಿಕ್ಕಿದ ಸುಣ್ಣವನ್ನೆಲ್ಲ ಕರಗಿಸಿಕೊಂಡು ಹೋಗುತ್ತದೆ. ಹಾಗೆ ಜಲ್ಲಿ ಕರಗಿ ಕಾಂಕ್ರೀಟಿನ ಅಡಿ ಪೊಳ್ಳಾಯಿತು. ಮೊದಮೊದಲು ಪೊಳ್ಳಿಗೆ ಸಿಮೆಂಟ್ ಗ್ರೌಟ್ ತುಂಬಿ ನೋಡಿದರು. ಪಕ್ಕದ ಜಲ್ಲಿ ಕರಗುವುದು ನಿಲ್ಲಲಿಲ್ಲ. ಕಡೆಗೆ ಜಲ್ಲಿಯನ್ನೇ ತೆಗೆದು ಕರಗದ ಗ್ರಾನೈಟ್ ಜಲ್ಲಿ ಹಾಕಬೇಕಾಯಿತು. ಸ್ಫೋಟಕ ಇಲ್ಲವೇ ಬೇರೆ ಅಪಾಯಕಾರಿ ಸರಕಿನ ಲಾರಿಗಳನ್ನು ಸುರಂಗದ ಸಿಬ್ಬಂದಿ ಬೆಂಗಾವಲಿನಲ್ಲಿ ದಾಟಿಸುತ್ತಾರೆ. ಆಗ ಉಳಿದ ವಾಹನಗಳನ್ನು ಸ್ವಲ್ಪ ಹೊತ್ತು ತಡೆದರೆ ಗಾಬರಿ ಬೇಡ.

ಹೊಸದಾರಿ

ಇಬ್ಬರಿಗೂ ಧನ್ಯವಾದ. ಕ್ಯಾಂಪರ್ ಕೈಬಿಟ್ಟು ಕಾರೇ ತೆಗೆದುಕೊಳ್ಳುತ್ತೇವೆ. ಗುಹೆಯೊಳಗೆ ಮೆಟ್ಟಿಲು ಎಷ್ಟಿರಬಹುದು? ಮತ್ತೆ, ಬೆಳಿಗ್ಗೆ ಮೊದಲು ಪಿನಾಕಲ್ ನೋಡುವುದೋ, ಗ್ಯಾಪ್ ಹತ್ತುವುದೋ?

ಮೂರುಸೀಮೆ

ಗ್ಯಾಪ್ ಕೇವ್ ಒಳಗೆ 183 ಮೆಟ್ಟಿಲುಗಳಿವೆ. ರೇಂಜರ್ ಜೊತೆಗೇ ಹೋಗಬೇಕು, ಸುಮಾರು 2 ಗಂಟೆ, ನಡೆಯುವ ದೂರ ಪಾರ್ಕಿಂಗ್‌ನಿಂದ ಹೋಗಿ ಬರುವುದೂ ಸೇರಿ ಒಂದೂವರೆ ಮೈಲಿ. ಮೆಟ್ಟಿಲುಗಳು ತೇವವಾಗಿರುತ್ತವೆ. ನಿಮ್ಮ ಹಿರಿಯರಿಗೆ ನಾನಂತೂ ಬೇಡ ಎನ್ನುತ್ತೇನೆ. ಒಳಗೆ ಹೋದ ಮೇಲೆ ಅರ್ಧದಲ್ಲಿ ಒಬ್ಬರೇ ಹಿಂದಿರುಗುವ ಅನುಕೂಲ ಇರುವುದಿಲ್ಲ, ಇಡೀ ಗುಂಪು ಒಟ್ಟಿಗೇ ಸಾಗಬೇಕು. ನೀವಿಬ್ಬರು ಹೋಗುವುದಾದರೆ ಬೇರೆ ಯಾವುದಾದರೂ ಗುಹೆಗೆ ಹಾಕಿಕೊಂಡು ಹೋಗಿದ್ದ ಬೂಟು, ಬಟ್ಟೆ ತರಬೇಡಿ. ಬಾವಲಿಗಳನ್ನು ಕೊಲ್ಲುವ ವೈಟ್ ನೋಸ್ ಶಿಲೀಂಧ್ರ ಅಂಥ ಬೂಟಿನ ಮಣ್ಣಿನಲ್ಲೇ ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ತೊಳೆದಿದ್ದೇನೆ ಎಂದರೆ ಸಾಲದು, ಅದರ ಬೀಜಕಣ ಬರೀ ನೀರಿಗೆ ಜಗ್ಗುವುದಿಲ್ಲ. ಒಳಗೆ ವರ್ಷವಿಡೀ ತಂಪು, ಒಂದು ಸ್ವೆಟರ್ ಇರಲಿ. ಟಿಕೆಟ್ ಮುಂಚೆಯೇ ಕಾಯ್ದಿರಿಸಿ, ಅಕ್ಟೋಬರಿನ ವಾರಾಂತ್ಯಕ್ಕೆ ಬೇಗ ಮುಗಿಯುತ್ತದೆ. ಉದ್ಯಾನಕ್ಕೆ ಪ್ರವೇಶ ಶುಲ್ಕ ಇಲ್ಲ, ಗುಹೆಗೆ ಮಾತ್ರ ಇದೆ.

ಒಳಗೆ ಹೋಗದಿದ್ದರೂ ಗುಹೆಯ ನೀರನ್ನು ಹೊರಗೆ ನೋಡಬಹುದು. ಅದರಿಂದ ಹೊರಬೀಳುವ ಗ್ಯಾಪ್ ಕ್ರೀಕ್ ತೊರೆಯೇ ಕೆಳಗಿನ ಕಬ್ಬಿಣದ ಕುಲುಮೆಯ ಚಕ್ರ ತಿರುಗಿಸಿ ತಿದಿಗೆ ಗಾಳಿ ಕೊಟ್ಟದ್ದು. ವಾಕರ್ ಈ ಜಾಗಕ್ಕೆ ಇಟ್ಟ ಹೆಸರೂ ಕೇವ್ ಗ್ಯಾಪ್ ಎಂದೇ. ಕುಲುಮೆಯ ಬಳಿ ನಿಂತು ಸುತ್ತ ಕಣ್ಣಾಡಿಸಿ: ಅದಿರು, ಸುಣ್ಣದ ಕಲ್ಲು, ಇದ್ದಿಲಿಗೆ ಕಾಡು, ಚಕ್ರ ತಿರುಗಿಸಲು ನೀರು, ನಾಲ್ಕೂ ಹತ್ತಿರದಲ್ಲೇ ಇದ್ದದ್ದರಿಂದ ಅದು ಅಲ್ಲೇ ಕಟ್ಟಲ್ಪಟ್ಟಿತು.

ಕ್ರಮದ ವಿಷಯದಲ್ಲಿ ಘಟ್ಟದಹಾದಿಯವರಿಗಿಂತ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗ್ಯಾಪ್ ಮುಖ್ಯ, ಒಪ್ಪುತ್ತೇನೆ. ಆದರೆ ಪಿನಾಕಲ್ ಅನ್ನು ಕಡೆಗಣಿಸಬಾರದು. ಮೇಲಿನ ಹಾದಿ ಗಟ್ಟಿ ನೆಲದ್ದು, ಸಮ, ಗಾಲಿಕುರ್ಚಿಯೂ ಹೋಗುತ್ತದೆ; ನಡುವೆ ವರ್ಜೀನಿಯಾ ಮತ್ತು ಕೆಂಟಕಿಯ ಗಡಿಗೆರೆಯ ಗುರುತೂ ಇದೆ. ಹಿರಿಯರಿಗೆ ಇಡೀ ಉದ್ಯಾನದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೆಳಿಗ್ಗೆ ಮೊದಲೇ ಹೋದರೆ ಮಾತ್ರ ತೊಂದರೆ: ಅಕ್ಟೋಬರಿನಲ್ಲಿ ಕಣಿವೆಯ ಮಂಜು ಮೇಲಕ್ಕೆ ಏರಿ ಎಲ್ಲ ಮುಚ್ಚಿಬಿಡುವುದು ಸಾಮಾನ್ಯ. ಬೆಳಿಗ್ಗೆ ಗ್ಯಾಪ್, ಮಧ್ಯಾಹ್ನದ ನಂತರ ಪಿನಾಕಲ್ ಇಟ್ಟುಕೊಳ್ಳಿ. ಆಗ ನಡೆದು ಬಂದ ದಾರಿಯನ್ನೇ ಮೇಲಿಂದ ಗುರುತಿಸಬಹುದು. ಸಂಜೆ ಆ ರಸ್ತೆಯ ಗೇಟು ಮುಚ್ಚುತ್ತಾರೆ, ಆ ದಿನದ ವೇಳೆಯನ್ನು ಮಿಡಲ್ಸ್‌ಬೊರೊದ ವಿಸಿಟರ್ ಸೆಂಟರ್‌ನಲ್ಲೇ ಕೇಳಿಕೊಂಡು ಹತ್ತಿ.

ಪಿನಾಕಲ್ ರಸ್ತೆಯಲ್ಲಿ ಹೋಗುವಾಗ ಫೋರ್ಟ್ ಮೆಕುಕ್ ಬಳಿ ಇಳಿಯಿರಿ, ರಸ್ತೆಗೆ ತಾಗಿಯೇ ಇದೆ. ಅದು ಅಮೆರಿಕದ ಅಂತರ್ಯುದ್ಧದ ಕಾಲದ ಕೋಟೆ. ಉತ್ತರ ಮತ್ತು ದಕ್ಷಿಣ ರಾಜ್ಯಗಳ ಆ ಯುದ್ಧದಲ್ಲಿ ಈ ಗ್ಯಾಪ್ ಕೈ ಬದಲಾಯಿಸುತ್ತಲೇ ಇತ್ತು. 1861ರಲ್ಲಿ ದಕ್ಷಿಣದ ಪಡೆ ಹಿಡಿಯಿತು. 1862ರ ಜೂನ್‌ನಲ್ಲಿ ಜಾರ್ಜ್ ಮಾರ್ಗನ್ ಕೈಕೆಳಗಿನ ಉತ್ತರದ ಪಡೆ ಬಂತು, ಸೆಪ್ಟೆಂಬರಿನಲ್ಲಿ ಬಿಟ್ಟು ಹೋಯಿತು. ಆಮೇಲೆ ಮತ್ತೆ ಹಿಡಿದಿದ್ದ ದಕ್ಷಿಣದವರು 1863ರ ಸೆಪ್ಟೆಂಬರಿನಲ್ಲಿ ಉತ್ತರದ ಸೇನಾನಿ ಬರ್ನ್‌ಸೈಡ್‌ಗೆ ಶರಣಾದರು. ಇಷ್ಟಾದರೂ ಗ್ಯಾಪ್‌ಗಾಗಿ ದೊಡ್ಡ ಕಾಳಗ ಒಂದೂ ನಡೆಯಲಿಲ್ಲ. ಎದುರಿನಿಂದ ನುಗ್ಗಲಾಗದ ಜಾಗವೇನೋ ಹೌದು, ಆದರೆ ಬೆಟ್ಟದ ಮೇಲೆ ಕೂತ ಸೈನ್ಯಕ್ಕೆ ದವಸ, ಮೇವು ಎಲ್ಲ ದೂರದಿಂದ ಕೆಟ್ಟ ರಸ್ತೆಯಲ್ಲೇ ಬರಬೇಕು. ಆ ದಾರಿ ಕಡಿದರೆ ಕೋಟೆ ತಾನಾಗಿ ಖಾಲಿಯಾಗುತ್ತದೆ. ಮಾರ್ಗನ್ ಬಿಟ್ಟು ಹೋದದ್ದು ಹಾಗೆಯೇ. ಹೋಗುವಾಗ ಮದ್ದುಗುಂಡಿನ ಉಗ್ರಾಣ ಸ್ಫೋಟಿಸಿದ ಗುಂಡಿ ಟ್ರೈ ಸ್ಟೇಟ್ ಪೀಕ್ ಹಾದಿಯಲ್ಲಿ ಈಗಲೂ ಇದೆ. ಎಲೆ ತುಂಬಿಕೊಂಡಿರುತ್ತದೆ, ಫಲಕ ನೋಡದಿದ್ದರೆ ಸಾಧಾರಣ ಹಳ್ಳವೆಂದು ದಾಟಿಹೋಗುತ್ತೀರಿ.

ಆ ಶಿಖರ 1,990 ಅಡಿ, ಗ್ಯಾಪ್ ನೆತ್ತಿಯಿಂದ ಅರ್ಧ ಮೈಲಿಗೆ ಸ್ವಲ್ಪ ಹೆಚ್ಚು, ಏರು ಚುರುಕಾಗಿದೆ. ಮೇಲೆ ಮಂಟಪ, ಮೂರು ರಾಜ್ಯದ ಫಲಕಗಳು ಇವೆ. ಮರಗಳು ಎದ್ದು ನಿಂತಿರುವುದರಿಂದ ನೋಟ ಕಡಿಮೆ. ನೋಟಕ್ಕಾಗಿ ಹತ್ತುವುದಾದರೆ ಬೇಡ, ಗುಂಡಿ ಮತ್ತು ಕೋಟೆಯ ಕುರುಹುಗಳಿಗಾಗಿ ಹತ್ತಿ.

ಬೆನ್ನೇಣು

ಹೆನ್ಸ್ಲಿ ವಸತಿಯ ಬಗ್ಗೆ ಯಾರೂ ಬರೆದಿಲ್ಲ. 1903ರಲ್ಲಿ ಹೆನ್ಸ್ಲಿ ಮತ್ತು ಗಿಬನ್ಸ್ ಕುಟುಂಬಗಳು ಬ್ರಷ್ ಮೌಂಟನ್ ಮೇಲೆ ಹೂಡಿದ ಒಕ್ಕಲು ಅದು. ವಿದ್ಯುತ್ತಿಲ್ಲ, ನಲ್ಲಿಯಿಲ್ಲ, ಕೆಳಗಿನ ಪೇಟೆಗೆ ರಸ್ತೆಯಿಲ್ಲ. ಒಂದು ಕಾಲಕ್ಕೆ ನೂರರಷ್ಟು ಜನ ಇದ್ದರು, 1951ರಲ್ಲಿ ಕೊನೆಯದಾಗಿ ಶೆರ್ಮನ್ ಹೆನ್ಸ್ಲಿ ಇಳಿದು ಬಂದ. ಮನೆಗಳೆಲ್ಲ ಕೆತ್ತಿದ ಅಮೆರಿಕನ್ ಚೆಸ್ಟ್‌ನಟ್ ದಿಮ್ಮಿಯವು. ಆ ಮರ ನೇರವಾಗಿ ಸೀಳುತ್ತದೆ, ಹಸಿಗೆ ಬೇಗ ಕೊಳೆಯುವುದಿಲ್ಲ. ಆದರೆ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬಂದ ಬೂಷ್ಟು ರೋಗಕ್ಕೆ ಅಪಲಾಚಿಯಾದ ಕಾಡಿನ ದೊಡ್ಡ ಚೆಸ್ಟ್‌ನಟ್‌ಗಳೆಲ್ಲ ಸತ್ತವು. ಅಲ್ಲಿಯ ಒಂದು ಗೋಡೆಯ ಮೂಲೆಯಲ್ಲಿ ದಿಮ್ಮಿಗಳ ಕಚ್ಚು ಒಂದಕ್ಕೊಂದು ಕೂತಿರುವುದನ್ನು, ಕೊಡಲಿಯ ಏಟಿನ ಸಾಲನ್ನು ಹತ್ತಿರದಿಂದ ನೋಡಿ. ಅಷ್ಟು ದಪ್ಪದ ಚೆಸ್ಟ್‌ನಟ್ ಇವತ್ತು ಆ ಕಾಡಿನಲ್ಲಿ ಒಂದೂ ಸಿಗುವುದಿಲ್ಲ.

ಅಲ್ಲಿಗೆ ಎರಡು ದಾರಿ. ಉದ್ಯಾನದವರ ವ್ಯಾನ್ ಪ್ರವಾಸ ನಡೆಯುವ ದಿನವಾದರೆ ಅದಕ್ಕೆ ಕಾಯ್ದಿರಿಸಿ, ಹೆಚ್ಚು ಕಡಿಮೆ ಅರ್ಧ ದಿನ ಬೇಕು. ಹಿರಿಯರಿಗೂ ಆಗುತ್ತದೆ, ಆದರೆ ಮಣ್ಣುರಸ್ತೆಯ ಕುಲುಕು ಇದೆ, ಬೆನ್ನುನೋವಿದ್ದವರು ಯೋಚಿಸಿ. ಇಲ್ಲವೇ ವರ್ಜೀನಿಯಾ ಕಡೆಯಿಂದ ಚಾಡ್ವೆಲ್ ಗ್ಯಾಪ್ ಹಾದಿ ಹತ್ತಬೇಕು. ಅದು ತುಂಬ ಕಡಿದು, ದಿನವೆಲ್ಲ ಅದಕ್ಕೇ ಹೋಗುತ್ತದೆ.

ಎರಡನೇ ದಿನ ಹಿರಿಯರು ವ್ಯಾನಿನಲ್ಲಿ ಹೆನ್ಸ್ಲಿಗೆ ಹೋದರೆ ನೀವಿಬ್ಬರು ವರ್ಜೀನಿಯಾದ ಯೂಯಿಂಗ್ ಊರಿನ ಕಡೆಯಿಂದ ವೈಟ್ ರಾಕ್ಸ್ ಎಂಬ ಬಂಡೆಯ ಅಂಚು ಮತ್ತು ಸ್ಯಾಂಡ್ ಕೇವ್ ಮಾಡಿ. ಎರಡೂ ಸೇರಿ ಹೋಗಿ ಬರಲು 8–9 ಮೈಲಿ, ಏರು ಸುಮಾರು 2,000 ಅಡಿ, ಊಟದ ವಿರಾಮ ಸೇರಿ 6 ಗಂಟೆ ಹಿಡಿಯಿರಿ. ಸ್ಯಾಂಡ್ ಕೇವ್ ಹೆಸರಿಗೆ ಗುಹೆ, ನಿಜದಲ್ಲಿ ಮರಳುಗಲ್ಲಿನ ಭಾರೀ ಚಾವಣಿ. ಮೇಲಿನ ಕಲ್ಲು ಕಣಕಣವಾಗಿ ಉದುರಿ ಕೆಳಗೆ ಒಂದು ಎಕರೆಗೂ ಹೆಚ್ಚು ಜಾಗದಲ್ಲಿ ಮರಳು ಹಾಸಿದೆ. ಮೊದಲು ವೈಟ್ ರಾಕ್ಸ್ ಮುಗಿಸಿ ಸ್ಯಾಂಡ್ ಕೇವ್‌ಗೆ ಬನ್ನಿ, ಬಿಸಿಲೇರಿದ ಮೇಲೆ ನೆರಳು ಅಲ್ಲೇ ಇರುವುದು. ವೈಟ್ ರಾಕ್ಸ್ ಅಂಚಿಗೆ ಬೇಲಿ ಇಲ್ಲ. ಕಲ್ಲಿನಲ್ಲಿ ಹುದುಗಿದ ಬಿಳಿ ಕ್ವಾರ್ಟ್ಜ್ ಗುಂಡುಗಳು ಬಿಡಿಯಾಗಿ ಕಾಲಡಿ ಉರುಳುತ್ತವೆ, ಒಣ ದಿನದಲ್ಲೂ ಜಾರುತ್ತದೆ. ಹಿಂದಿನ ದಿನ ಮಳೆ ಬಂದಿದ್ದರೆ ಅಂಚಿನ ಹತ್ತಿರ ಹೋಗಲೇಬೇಡಿ.

ಬೆಟ್ಟದ ಬೆನ್ನೇಣಿನ ಗುಂಟ ಹೋಗುವ ಇಡೀ ರಿಡ್ಜ್ ಟ್ರೇಲ್ ಪಿನಾಕಲ್‌ನಿಂದ ಯೂಯಿಂಗ್ ತನಕ 20 ಮೈಲಿಯ ಆಸುಪಾಸು. ಒಂದು ದಿನದಲ್ಲಿ ಮುಗಿಸುವ ಯೋಚನೆ ಬಿಡಿ, ಅಕ್ಟೋಬರಿನಲ್ಲಿ ಹಗಲೇ ಸಾಲದು. ರಾತ್ರಿ ತಂಗುವುದಾದರೆ ಪರವಾನಗಿ ಬೇಕು, ಗೊತ್ತುಮಾಡಿದ ಜಾಗದಲ್ಲೇ ಡೇರೆ ಹಾಕಬೇಕು. ಕಪ್ಪು ಕರಡಿಗಳಿವೆ, ಆಹಾರ, ಟೂತ್‌ಪೇಸ್ಟ್ ಯಾವುದೂ ಡೇರೆಯೊಳಗೆ ಇರಬಾರದು. ಬೆನ್ನೇಣಿನ ಮೇಲೆ ನೀರು ಕಡಿಮೆ, ಶರತ್ಕಾಲದಲ್ಲಿ ಊಟೆಗಳು ಬತ್ತಿರುತ್ತವೆ. ಒಬ್ಬರಿಗೆ 3 ಲೀಟರ್ ಹೊತ್ತೇ ಹೊರಡಿ, ಸಿಕ್ಕ ನೀರನ್ನು ಸೋಸಿ ಅಥವಾ ಕುದಿಸಿ ಕುಡಿಯಿರಿ.

ಹೊಸದಾರಿ

ಹಾಗಾದರೆ ಮೊದಲ ದಿನ ಬೆಳಿಗ್ಗೆ ಗ್ಯಾಪ್, ಮಧ್ಯಾಹ್ನ ಪಿನಾಕಲ್. ಎರಡನೇ ದಿನ ಹಿರಿಯರು ಹೆನ್ಸ್ಲಿಗೆ, ನಾವು ವೈಟ್ ರಾಕ್ಸ್‌ಗೆ. ಗುಹೆ ಈ ಸಲ ಇಲ್ಲ. ಒಂದೇ ಕಾರಿನಲ್ಲಿ ಎರಡನೇ ದಿನ ಹೊಂದುತ್ತದೆಯೇ?

ಘಟ್ಟದಹಾದಿ

ಹೊಂದುತ್ತದೆ, ಆದರೆ ಹೊತ್ತಿನ ಲೆಕ್ಕ ಸರಿಯಾಗಿ ಹಾಕಿ. ವ್ಯಾನ್ ಪ್ರವಾಸ ಅರ್ಧ ದಿನಕ್ಕೆ ಮುಗಿಯುತ್ತದೆ, ನಿಮ್ಮ ನಡಿಗೆಗೆ 6 ಗಂಟೆ ಬೇಕು. ಬೆಳಿಗ್ಗೆ ವ್ಯಾನ್ ಹೊರಡುವ ಕಡೆ ಅವರನ್ನು ಬಿಟ್ಟು, ಸುರಂಗ ದಾಟಿ ಯು.ಎಸ್. 58ರಲ್ಲಿ ಪೂರ್ವಕ್ಕೆ ಹೋದರೆ ಯೂಯಿಂಗ್ ಸುಮಾರು ಅರ್ಧ ಗಂಟೆ. ನೀವು ಹಿಂದಿರುಗುವ ತನಕ ಅವರು ವಿಸಿಟರ್ ಸೆಂಟರ್‌ನಲ್ಲಿ ಇರಬಹುದು: ವಸ್ತುಸಂಗ್ರಹಾಲಯ, ಕಿರುಚಿತ್ರ, ಬೆಟ್ಟನಾಡಿನ ಕುಶಲಕರ್ಮಿಗಳ ಅಂಗಡಿ ಎಲ್ಲ ಅಲ್ಲೇ ಇವೆ. ಆದರೂ ಸೆಂಟರ್ ಮುಚ್ಚುವ ಹೊತ್ತಿಗೆ ಒಂದು ಗಂಟೆ ಮುಂಚೆ ವಾಪಸ್ ಬರುವ ಹಾಗೆ ಹೊರಡಿ. ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ತಡವಾದರೆ ಅವರಿಗೆ ತಿಳಿಸಲು ಆಗುವುದಿಲ್ಲ. ಮಧ್ಯಾಹ್ನ 12ರೊಳಗೆ ವೈಟ್ ರಾಕ್ಸ್ ಮುಟ್ಟದಿದ್ದರೆ ಸ್ಯಾಂಡ್ ಕೇವ್ ಬಿಟ್ಟು ನೇರ ಇಳಿಯಿರಿ.